ಹೊಸ ಆಯಿಲ್ ಮೂರೇ ದಿನಕ್ಕೆ ಕಪ್ಪು: ತಪ್ಪು ಫಿಲ್ಟರ್‌ನದ್ದಾ?

ಪ್ರಶ್ನೆ: ನನ್ನದು 2013ರ ಡೀಸೆಲ್ ಎಸ್‌ಯುವಿ. 1.4 ಲಕ್ಷ ಕಿ.ಮೀ. ಓಡಿದೆ. ಬೆಂಗಳೂರಿನ ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ವಾರದಲ್ಲಿ ಮೂರು ದಿನ ಆಫೀಸಿಗೆ ಹೋಗಿ ಬರುತ್ತೇನೆ. ಸರ್ವಿಸ್ ಬಿಲ್ ಜಾಸ್ತಿಯಾಯಿತು ಅಂತ ಈ ಸಲ ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಮನೆಯ ಪಾರ್ಕಿಂಗ್‌ನಲ್ಲೇ ಬದಲಾಯಿಸಿದೆ. ಜೆ.ಸಿ. ರಸ್ತೆಯಲ್ಲಿ ಕಂಪನಿ ಫಿಲ್ಟರ್ ಸಿಗಲಿಲ್ಲ. ಅಂಗಡಿಯವರು "ಅದೇ ಥ್ರೆಡ್ಡು ಸಾರ್, ಕೂರುತ್ತೆ" ಅಂತ ಬೇರೊಂದು ಕೊಟ್ಟರು. ನಿಜಕ್ಕೂ ಕೂತಿತು. ಆದರೆ ಮೂರೇ ದಿನಕ್ಕೆ ಹೊಸ ಆಯಿಲ್ ಕಪ್ಪಾಯಿತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಕಟಕಟ ಸದ್ದು ಬರುತ್ತದೆ, ಆಯಿಲ್ ಲೈಟ್ ಮೊದಲಿಗಿಂತ ತಡವಾಗಿ ಆರುತ್ತದೆ. ನೆಲದ ಮೇಲೆ ದಿನಕ್ಕೆರಡು ಹನಿ ಬೀಳುತ್ತಿವೆ. ಬೆಲ್ಟ್ ಪಾನಾ ಹಾಕಿ ಫಿಲ್ಟರನ್ನು ಇನ್ನೂ ಟೈಟ್ ಮಾಡಿದೆ, ನಿಲ್ಲಲಿಲ್ಲ. ಫಿಲ್ಟರ್ ನನ್ನ ಗಾಡಿಯಲ್ಲಿ ಎಂಜಿನ್ ಪಕ್ಕಕ್ಕೆ ಅಡ್ಡಡ್ಡ ಕೂರುತ್ತದೆ. ಒಬ್ಬ ಗೆಳೆಯ ಫಿಲ್ಟರ್ ಎರಡು ಸಲಕ್ಕೊಮ್ಮೆ ಬದಲಾಯಿಸಿದರೆ ಸಾಕು ಅನ್ನುತ್ತಾನೆ. ಇನ್ನೊಬ್ಬ ಕಡಿಮೆ ಮೈಕ್ರಾನ್‌ನದ್ದು, ಅಂದರೆ ಇನ್ನೂ ಸಣ್ಣ ಕಣ ಹಿಡಿಯುವಂಥದ್ದು ಹಾಕು ಅನ್ನುತ್ತಾನೆ. ನಾನು ಎಂಜಿನ್ ಹಾಳು ಮಾಡಿಕೊಂಡೆನಾ? ಯಾವ ಫಿಲ್ಟರ್ ಹಾಕಲಿ? ಮನೆಯಲ್ಲಿ ಮಾಡೋದೇ ಬಿಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ದೂರುಗಳಿವೆ, ಜೊತೆಗೊಂದು ಭಯ ಇದೆ. ಭಯದಿಂದಲೇ ಶುರು ಮಾಡೋಣ. ಕೆಲವು ದಿನ ಬೆಳಗ್ಗೆ ಎರಡು ಮೂರು ಸೆಕೆಂಡ್ ಸದ್ದು ಬಂದ ಮಾತ್ರಕ್ಕೆ ಎಂಜಿನ್ ಕೈಕೊಡುವುದಿಲ್ಲ. ಹಾಗಂತ ಇದೇ ಫಿಲ್ಟರ್ ಇಟ್ಟುಕೊಂಡು ಮುಂದಿನ ಸರ್ವಿಸ್‌ವರೆಗೆ ಓಡಿಸುತ್ತೇನೆ ಅಂದುಕೊಳ್ಳಬೇಡಿ.

ಮೂರು ದೂರಿಗೂ ಕಾರಣ ಬೇರೆ ಬೇರೆ. ಆಯಿಲ್ ಕಪ್ಪಾಗಿದ್ದಕ್ಕೂ ಫಿಲ್ಟರ್‌ಗೂ ಸಂಬಂಧವೇ ಇಲ್ಲ. ಬೆಳಗಿನ ಸದ್ದಿಗೆ ಫಿಲ್ಟರೇ ಕಾರಣ ಅನ್ನುವುದು ನನ್ನ ಬಲವಾದ ಅನುಮಾನ. ಹನಿ ಬೀಳುತ್ತಿರುವುದು ಟೈಟ್ ಸಾಲದ್ದರಿಂದ ಅಲ್ಲ. ನೀವು ಗಾಡಿಯ ಮಾಡೆಲ್ ಬರೆದಿದ್ದಿರಿ, ಬೇಕೆಂದೇ ಬಿಟ್ಟಿದ್ದೇನೆ. ತಗಡಿನ ಡಬ್ಬಿಯಂಥ ಫಿಲ್ಟರ್ ಇರುವ ಯಾವ ಡೀಸೆಲ್ ಗಾಡಿಗೂ ಮುಂದಿನ ಮಾತು ಹೊಂದುತ್ತದೆ.

ಮೊದಲು ಒಂದು ತುರ್ತಿನ ಕೆಲಸ. ಇನ್ನೊಮ್ಮೆ ಗಾಡಿ ರಸ್ತೆಗಿಳಿಸುವ ಮುಂಚೆ ಟಾರ್ಚ್ ಹಿಡಿದು ಫಿಲ್ಟರ್ ಎಂಜಿನ್‌ಗೆ ಕೂಡುವ ಜಾಗವನ್ನು ಸುತ್ತಲೂ ನೋಡಿ. ಅಲ್ಲಿ ಒಂದರ ಮೇಲೊಂದು ಎರಡು ರಬ್ಬರ್ ರಿಂಗ್ ಕಾಣಿಸಿದರೆ, ಅಥವಾ ಒಂದು ಕಡೆ ರಬ್ಬರ್ ಹೊರಗೆ ಉಬ್ಬಿದ್ದರೆ ಎಂಜಿನ್ ಸ್ಟಾರ್ಟೇ ಮಾಡಬೇಡಿ. ಹಳೇ ಫಿಲ್ಟರ್ ಬಿಚ್ಚುವಾಗ ಅದರ ರಿಂಗ್ ಎಷ್ಟೋ ಸಲ ಎಂಜಿನ್ ಕಡೆಗೇ ಅಂಟಿಕೊಂಡು ಉಳಿದುಬಿಡುತ್ತದೆ. ಕಪ್ಪು ಎಣ್ಣೆಯ ನಡುವೆ ಕಪ್ಪು ರಬ್ಬರ್ ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೆ ಹೊಸದನ್ನು ಕೂರಿಸಿದರೆ ಮೊದಲು ಹನಿ ಹನಿಯಾಗಿ ಸೋರುತ್ತದೆ. ಆಮೇಲೊಂದು ದಿನ ಆಕ್ಸಿಲರೇಟರ್ ಒತ್ತಿ ಪ್ರೆಶರ್ ಏರಿದಾಗ ಜಾರಿ, ಚೇಂಬರ್‌ನಲ್ಲಿದ್ದ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಪೂರ್ತಿ ಕೆಲವೇ ನಿಮಿಷದಲ್ಲಿ ರಸ್ತೆಗೆ ಬರುತ್ತದೆ. ಮನೆಯಲ್ಲಿ ಸರ್ವಿಸ್ ಮಾಡಿ ಎಂಜಿನ್ ಕಳೆದುಕೊಂಡವರ ಗಾಡಿಗಳು ವರ್ಕ್‌ಶಾಪ್‌ಗೆ ಬಂದಾಗ ನಾವು ಮೊದಲು ಹುಡುಕುವುದೇ ಈ ಎರಡನೇ ರಿಂಗನ್ನು.

ಈಗ ಕಪ್ಪು ಬಣ್ಣದ ವಿಷಯ. ಡೀಸೆಲ್ ಉರಿದಾಗ ಮಸಿ ಹುಟ್ಟುತ್ತದೆ. ಸ್ವಲ್ಪ ಸೈಲೆನ್ಸರ್‌ನಿಂದ ಹೊರಗೆ ಹೋದರೆ, ಸ್ವಲ್ಪ ಪಿಸ್ಟನ್ ರಿಂಗ್ ಪಕ್ಕದಿಂದ ನುಸುಳಿ ಕೆಳಗಿನ ಆಯಿಲ್‌ಗೆ ಸೇರುತ್ತದೆ. ಈ ಮಸಿಯ ಕಣ ಒಂದು ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಪಾಲಿಗಿಂತ ಚಿಕ್ಕದು. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದರೆ ಅಂದಾಜು ಸಿಗುತ್ತದೆ. ಎಂಜಿನ್‌ನ ಮುಖ್ಯ ಆಯಿಲ್ ಫಿಲ್ಟರ್ ಚೆನ್ನಾಗಿ ಹಿಡಿಯುವುದು ಸಾಮಾನ್ಯವಾಗಿ 20 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳನ್ನು. ಮಸಿಯನ್ನು ಅದು ತಡೆಯುವುದಿಲ್ಲ, ತಡೆಯಲಿ ಅಂತ ಮಾಡಿದ್ದೂ ಅಲ್ಲ. ಆ ಕೆಲಸ ಆಯಿಲ್‌ನೊಳಗೇ ಬೆರೆಸಿರುವ ರಾಸಾಯನಿಕಗಳದ್ದು. ಅವು ಮಸಿಯ ಕಣಗಳು ಒಂದಕ್ಕೊಂದು ಅಂಟಿ ಗೆಡ್ಡೆಯಾಗದಂತೆ ಬಿಡಿಬಿಡಿಯಾಗಿ ತೇಲಿಸಿಡುತ್ತವೆ. ಬಟ್ಟೆ ನೆನೆಸಿದ ಸೋಪಿನ ನೀರು ಕಪ್ಪಾದರೆ ಸೋಪು ಕೆಟ್ಟದ್ದು ಅನ್ನುತ್ತೇವಾ?

ಇನ್ನೂ ಒಂದು ಮಾತಿದೆ. ಡ್ರೈನ್ ಬೋಲ್ಟ್ ಬಿಚ್ಚಿ ಎಷ್ಟು ಹೊತ್ತು ಬಿಟ್ಟರೂ ಎಂಜಿನ್‌ನ ಸಂದಿಗೊಂದಿಗಳಲ್ಲಿ ಸ್ವಲ್ಪ ಹಳೇ ಆಯಿಲ್ ಉಳಿಯುತ್ತದೆ. 1.4 ಲಕ್ಷ ಓಡಿದ ಎಂಜಿನ್ ಒಳಗೆ ಹಳೇ ಮಸಿಯ ಲೇಪವೂ ಇರುತ್ತದೆ. ಹೊಸ ಆಯಿಲ್ ಅದನ್ನೂ ತೊಳೆಯುತ್ತದೆ. ಹಾಗಾಗಿ ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಕೆಲವೇ ನೂರು ಕಿ.ಮೀ.ಗೆ ಕಪ್ಪಾಗುವುದು ಮಾಮೂಲು. ಪೆಟ್ರೋಲ್ ಕಾರಿನಿಂದ ಡೀಸೆಲ್‌ಗೆ ಬಂದವರೆಲ್ಲ ಮೊದಲ ಸಲ ಇದಕ್ಕೆ ಗಾಬರಿಯಾಗುತ್ತಾರೆ. ಆಯಿಲ್ ಮಟ್ಟ ನೋಡುವ ಕಡ್ಡಿ (ಗೇಜ್) ಎಳೆದಾಗ ನೋಡಬೇಕಾದ್ದು ಬೇರೆ. ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿ ನೊರೆಯಾಗಿದೆಯಾ? ಹಾಗಿದ್ದರೆ ನೀರು ಸೇರಿದೆ. ಡೀಸೆಲ್ ವಾಸನೆ ಹೊಡೆದು, ಲೆವೆಲ್ ಏರಿದೆಯಾ? ಹಾಗಿದ್ದರೆ ಡೀಸೆಲ್ ಸೇರುತ್ತಿದೆ. ಬೆರಳ ನಡುವೆ ಉಜ್ಜಿದಾಗ ಮರಳಿನಂತೆ ಸಿಗುತ್ತಿದೆಯಾ? ಈ ಮೂರಕ್ಕೆ ಹೆದರಿ. ಬರೀ ಕಪ್ಪಿಗೆ ಬೇಡ.

ಕಡಿಮೆ ಮೈಕ್ರಾನ್ ಸಲಹೆ ಕೊಟ್ಟ ಗೆಳೆಯರಿಗೂ ಇದೇ ಉತ್ತರ. ಡಬ್ಬದ ಮೇಲೆ "10 ಮೈಕ್ರಾನ್" ಅಂತ ಅಚ್ಚಾಗಿದ್ದರೆ ನಾನು ಕೇಳುವುದು, ಆ ಗಾತ್ರದ ಕಣಗಳಲ್ಲಿ ನೂರಕ್ಕೆ ಎಷ್ಟನ್ನು ಹಿಡಿಯುತ್ತದೆ ಅಂತ. ನೂರಕ್ಕೆ 50 ಹಿಡಿದರೂ 10 ಮೈಕ್ರಾನ್ ಅಂತ ಬರೆದುಕೊಳ್ಳಬಹುದು, 98 ಹಿಡಿದರೂ ಬರೆದುಕೊಳ್ಳಬಹುದು. ಇದನ್ನು ಅಳೆಯಲು ಐಎಸ್‌ಒ 4548-12 ಅನ್ನುವ ಪರೀಕ್ಷೆ ಇದೆ. ಒಳ್ಳೆಯ ತಯಾರಕರು ಗಾತ್ರ ಮತ್ತು ಪ್ರಮಾಣ ಎರಡನ್ನೂ ಜೊತೆಗೇ ಹೇಳುತ್ತಾರೆ. ಒಂದನ್ನೇ ಹೇಳಿದರೆ ಅದು ಮಾರಾಟದ ಮಾತು. ಎಂಜಿನ್‌ಗೆ ಹೊಂದದ ತೀರಾ ಬಿಗಿಯಾದ ಕಾಗದ ಹಾಕಿದರೆ ಆಯಿಲ್ ಹರಿಯುವುದೇ ಕಷ್ಟವಾಗುತ್ತದೆ.

ಇಡೀ ವಿಷಯ ನಿಂತಿರುವುದು ಈ ಹರಿವಿನ ಮೇಲೆ. ಜನ ಫಿಲ್ಟರ್ ಅಂದರೆ ಕಸ ಹಿಡಿಯುವ ಡಬ್ಬಿ ಅಂದುಕೊಳ್ಳುತ್ತಾರೆ. ಎಂಜಿನ್‌ಗೆ ಅದಕ್ಕಿಂತ ಮುಖ್ಯವಾದ ಕೆಲಸ, ಯಾವ ಹೊತ್ತಿನಲ್ಲೂ ಬೇರಿಂಗ್‌ಗಳಿಗೆ ಆಯಿಲ್ ತಪ್ಪಬಾರದು. ಟರ್ಬೊ ಇರುವ ಡೀಸೆಲ್‌ನಲ್ಲಂತೂ ಅದರ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ, ತೆಳ್ಳನೆಯ ಆಯಿಲ್ ಪದರದ ಮೇಲೆ. ಹಾಗಾಗಿ ಫಿಲ್ಟರ್ ಡಬ್ಬಿಯೊಳಗೆ ಕಾಗದದ ಜೊತೆ ಎರಡು ವಾಲ್ವ್ ಇರುತ್ತವೆ. ನಿಮ್ಮ ಅಂಗಡಿಯವರು ಥ್ರೆಡ್ ನೋಡಿದರು, ವಾಲ್ವ್ ನೋಡಲಿಲ್ಲ.

ಒಂದು ಬೈಪಾಸ್ ವಾಲ್ವ್. ಕಾಗದ ಕಟ್ಟಿಕೊಂಡಾಗ, ಅಥವಾ ಆಯಿಲ್ ತಣ್ಣಗೆ ದಪ್ಪಗಿದ್ದು ಕಾಗದದ ಮೂಲಕ ಹೋಗಲು ಒದ್ದಾಡುವಾಗ, ಇದು ತೆರೆದುಕೊಳ್ಳುತ್ತದೆ. ಆಯಿಲ್ ಸೋಸದೆಯೇ ಮುಂದೆ ಹೋಗುತ್ತದೆ. ಕೊಳಕು ಆಯಿಲ್ ಆದರೂ ಪರವಾಗಿಲ್ಲ, ಆಯಿಲ್ಲೇ ಇಲ್ಲದಿದ್ದರೆ ಎಂಜಿನ್ ಜಾಮ್. ಇದು ಎಷ್ಟು ಪ್ರೆಶರ್‌ಗೆ ತೆರೆಯಬೇಕು ಅನ್ನುವುದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ಒಂದು ಬಾರ್ (ಪ್ರೆಶರ್‌ನ ಅಳತೆ) ಸುಮಾರಿಗೆ ತೆರೆಯುವವೂ ಇವೆ, ಎರಡು ದಾಟಿದ ಮೇಲೆ ತೆರೆಯುವವೂ ಇವೆ. ಕೆಲವು ಎಂಜಿನ್‌ಗಳಲ್ಲಿ ಈ ವಾಲ್ವ್ ಎಂಜಿನ್ ಬಾಡಿಯಲ್ಲೇ ಇರುತ್ತದೆ, ಅಂಥ ಗಾಡಿಯ ಫಿಲ್ಟರ್‌ನಲ್ಲಿ ಇರುವುದೇ ಇಲ್ಲ. ಆ ಫಿಲ್ಟರನ್ನು ತಂದು, ಫಿಲ್ಟರ್‌ನಲ್ಲೇ ಬೈಪಾಸ್ ಇರಬೇಕಾದ ಎಂಜಿನ್‌ಗೆ ಹಾಕಿದರೆ? ಥ್ರೆಡ್ ಅಚ್ಚುಕಟ್ಟಾಗಿ ಕೂರುತ್ತದೆ. ಕಾಗದ ಕಟ್ಟಿದ ದಿನ ಆಯಿಲ್‌ಗೆ ದಾರಿ ಇರುವುದಿಲ್ಲ, ಇಲ್ಲವೇ ಒಳಗಿನ ಕಾಗದವೇ ಹರಿದು ಬೇರಿಂಗ್ ಕಡೆ ಹೋಗುತ್ತದೆ. ಹೊರಗಿನಿಂದ ಇದ್ಯಾವುದೂ ಗೊತ್ತಾಗುವುದಿಲ್ಲ.

ಎರಡನೆಯದು ನಿಮ್ಮ ಬೆಳಗಿನ ಸದ್ದಿಗೆ ಸಂಬಂಧಪಟ್ಟಿದ್ದು. ಎಂಜಿನ್ ಆಫ್ ಮಾಡಿದ ಮೇಲೆ ಫಿಲ್ಟರ್‌ನಲ್ಲಿರುವ ಆಯಿಲ್ ವಾಪಸ್ ಚೇಂಬರ್‌ಗೆ ಇಳಿದುಹೋಗದಂತೆ ತಡೆಯುವ ವಾಲ್ವ್. ನೋಡಲು ಬರೀ ಒಂದು ರಬ್ಬರ್ ಕೊಡೆಯ ಹಾಗೆ. ಹೊಸ ಫಿಲ್ಟರ್‌ನ ಮುಖ ನೋಡಿದರೆ ನಡುವೆ ಥ್ರೆಡ್ ಇರುವ ದೊಡ್ಡ ತೂತು, ಅದರ ಸುತ್ತ ಚಿಕ್ಕ ಚಿಕ್ಕ ತೂತುಗಳು. ಆ ಚಿಕ್ಕ ತೂತಿನಲ್ಲಿ ಇಣುಕಿದರೆ ಈ ರಬ್ಬರ್ ಕಾಣುತ್ತದೆ. ಸ್ವಚ್ಛವಾದ ಕಡ್ಡಿಯಿಂದ ಮೆಲ್ಲಗೆ ಒತ್ತಿ ಬಿಡಿ. ತಕ್ಷಣ ಹಿಂದಕ್ಕೆ ಬಂದು ಅಂಚಿಗೆ ಕೂರಬೇಕು. ಅಗ್ಗದ ಫಿಲ್ಟರ್‌ನಲ್ಲಿ ಇದು ಗಟ್ಟಿಯಾಗಿ, ಸೆಟೆದುಕೊಂಡು, ಒಂದು ಕಡೆ ಬಾಯಿಬಿಟ್ಟಿರುತ್ತದೆ. ಕೆಲವು ಒಳ್ಳೆಯ ಫಿಲ್ಟರ್‌ಗಳಲ್ಲಿ ಸಿಲಿಕೋನ್ ರಬ್ಬರ್ ಬಳಸುತ್ತಾರೆ, ಅದು ಬಿಸಿಗೆ ಬೇಗ ಗಟ್ಟಿಯಾಗುವುದಿಲ್ಲ.

ಫಿಲ್ಟರ್ ಬಾಯಿ ಮೇಲೆ ಮಾಡಿ ನೇತಾಡುವ ಗಾಡಿಗಳಲ್ಲಿ ಈ ವಾಲ್ವ್ ಸೋತರೂ ಅಷ್ಟಾಗಿ ಗೊತ್ತಾಗುವುದಿಲ್ಲ, ಆಯಿಲ್ ಡಬ್ಬಿಯಲ್ಲೇ ನಿಲ್ಲುತ್ತದೆ. ನಿಮ್ಮ ಗಾಡಿಯಲ್ಲಿ ಹಾಗಲ್ಲ, ಅಡ್ಡ ಕೂತಿದೆ. ವಾಲ್ವ್ ಸೋತರೆ ರಾತ್ರಿಯಿಡೀ ಆಯಿಲ್ ಇಳಿದು ಡಬ್ಬಿ ಮುಕ್ಕಾಲು ಖಾಲಿ. ಬೆಳಗ್ಗೆ ಪಂಪ್ ಮೊದಲು ಆ ಡಬ್ಬಿ ತುಂಬಿಸಬೇಕು, ಆಮೇಲೆ ಮೇಲಕ್ಕೆ ಕಳಿಸಬೇಕು. ಆ ಎರಡು ಮೂರು ಸೆಕೆಂಡೇ ನಿಮ್ಮ ಕಟಕಟ.

ಖಚಿತ ಮಾಡಿಕೊಳ್ಳುವುದು ಸುಲಭ. ಸೋರಿಕೆ ಸರಿಹೋಗುವವರೆಗೆ ಕಾಯಬೇಕಿಲ್ಲ, ಈಗಲೇ ಮಾಡಬಹುದು, ರಿಂಗ್ ಸರಿಯಾಗಿದೆ ಅಂತ ನೋಡಿಕೊಂಡಿದ್ದರೆ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಸದ್ದಿಲ್ಲ, ಲೈಟ್ ಕೂಡಲೇ ಆರಿತು. ರಾತ್ರಿಯಿಡೀ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ಸದ್ದು. ಹೀಗಿದ್ದರೆ ಫಿಲ್ಟರ್ ವಾಲ್ವ್ ಮೇಲೆ ಅನುಮಾನ ಗಟ್ಟಿಯಾಯಿತು. ಎರಡೂ ಸಲ ಸದ್ದು ಬಂದರೆ ಕಥೆ ಬೇರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಹನಿ ಬೀಳುವ ವಿಷಯ. ಡಬ್ಬಿ ಫಿಲ್ಟರನ್ನು ಪಾನಾ ಹಾಕಿ ಬಿಚ್ಚುತ್ತೇವೆ, ಕೈಯಲ್ಲಿ ಟೈಟ್ ಮಾಡುತ್ತೇವೆ. ರಬ್ಬರ್ ರಿಂಗ್ ಎಂಜಿನ್ ಮುಖಕ್ಕೆ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಅಷ್ಟೇ. ಎಷ್ಟು ಅಂತ ಫಿಲ್ಟರ್ ಮೈಮೇಲೇ ಚಿತ್ರ ಸಮೇತ ಅಚ್ಚು ಹಾಕಿರುತ್ತಾರೆ, ಯಾರೂ ಓದುವುದಿಲ್ಲ. ಬೆಲ್ಟ್ ಪಾನಾದಲ್ಲಿ ಬಿಗಿದರೆ ರಿಂಗ್ ತಿರುಚಿಕೊಂಡು ಒಂದು ಕಡೆ ಹಿಚುಕುತ್ತದೆ, ಇನ್ನೊಂದು ಕಡೆ ಜಾಗ ಬಿಡುತ್ತದೆ. ಸೋರಿಕೆ ಜಾಸ್ತಿಯೇ ಆಗುತ್ತದೆ. ಹೊಸ ರಿಂಗ್‌ಗೆ ಆಯಿಲ್ ಸವರದೆ ಒಣಗಿದ್ದನ್ನೇ ಹಾಕಿದರೂ ಹೀಗೇ.

ಆದರೆ ಹನಿ ಬೀಳುತ್ತಿರುವುದು ಫಿಲ್ಟರ್‌ನಿಂದಲೇ ಅಂತ ಹೇಗೆ ಗೊತ್ತು? ಡ್ರೈನ್ ಬೋಲ್ಟ್‌ನಿಂದಲೂ ಇರಬಹುದಲ್ವಾ? ಅದಕ್ಕೊಂದು ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಇರುತ್ತದೆ, ಒಂದು ಸಲ ಒತ್ತಿ ಚಪ್ಪಟೆಯಾದರೆ ಅದರ ಆಯಸ್ಸು ಮುಗಿಯಿತು. ಹೊಸದು ಹಾಕಿದಿರೋ ಇಲ್ಲವೋ ನೀವು ಬರೆದಿಲ್ಲ. ಎರಡೂ ಜಾಗವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮುಖಕ್ಕೆ ಹಾಕುವ ಪೌಡರ್ ಉದುರಿಸಿ. ಹತ್ತು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ ನೋಡಿ. ಬಿಳಿ ಪೌಡರ್ ಮೇಲೆ ಎಣ್ಣೆಯ ಗೆರೆ ಎಲ್ಲಿಂದ ಹೊರಟಿದೆ ಅಂತ ಎದ್ದು ಕಾಣುತ್ತದೆ. ತಿರುಗುವ ಬೆಲ್ಟ್ ಹತ್ತಿರ ಮಾತ್ರ ಪೌಡರ್ ಬೇಡ, ಕೈಯೂ ಬೇಡ.

ಯಾವ ಫಿಲ್ಟರ್ ಹಾಕಬೇಕು? ನಿಮ್ಮ ಮುಂದೆ ಇರುವ ದಾರಿಗಳನ್ನು ನಾನು ಹಾಕುವ ಕ್ರಮದಲ್ಲೇ ಹೇಳುತ್ತೇನೆ.

ಮೊದಲನೆಯದು ಗಾಡಿ ಕಂಪನಿಯದೇ ಹೆಸರಿನ ಡಬ್ಬದಲ್ಲಿ ಬರುವುದು. ಪಾರ್ಟ್ ನಂಬರ್ ಹಿಡಿದು ಷೋರೂಂನ ಸ್ಪೇರ್ ಕೌಂಟರ್‌ನಲ್ಲಿ ಕೇಳಿ. ಸರ್ವಿಸ್ ಅಲ್ಲಿ ಮಾಡಿಸದಿದ್ದರೂ ಬಿಡಿ ಭಾಗ ಕೊಡುತ್ತಾರೆ. ಚಾಸಿಸ್ ನಂಬರ್ ಹೇಳಿದರೆ ಅವರ ಕಂಪ್ಯೂಟರ್ ಸರಿಯಾದ ನಂಬರ್ ತೋರಿಸುತ್ತದೆ. ಒಂದೇ ಮಾಡೆಲ್ ಗಾಡಿಯಲ್ಲಿ ನಡುವೆ ಎಂಜಿನ್ ಬದಲಾಗಿರುತ್ತದೆ, ಫಿಲ್ಟರೂ ಬದಲಾಗಿರುತ್ತದೆ. ಬೆಲೆ ಸ್ವಲ್ಪ ಜಾಸ್ತಿ, ಆದರೆ ವಾಲ್ವ್ ಬಗ್ಗೆ ತಲೆಕೆಡಿಸಿಕೊಳ್ಳುವುದು ತಪ್ಪುತ್ತದೆ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಇದನ್ನೇ.

ಎರಡನೆಯದು ಬಾಷ್, ಮಾನ್, ಪ್ಯೂರೋಲೇಟರ್, ಎಲೋಫಿಕ್ ಥರದ ಫಿಲ್ಟರ್ ತಯಾರಕರದ್ದು. ಇವು ಕಳಪೆ ಅಲ್ಲವೇ ಅಲ್ಲ. ಕಾರು ಕಂಪನಿಗಳು ಫಿಲ್ಟರ್‌ಗಳನ್ನು ಹೊರಗಿನ ತಯಾರಕರಿಂದಲೇ ಮಾಡಿಸಿ ತಮ್ಮ ಡಬ್ಬದಲ್ಲಿ ಮಾರುತ್ತವೆ. ಆದರೆ ಅಂಗಡಿಯವರ ಕಣ್ಣಂದಾಜು ಸಾಲದು. ತಯಾರಕರ ಕ್ಯಾಟಲಾಗ್‌ನಲ್ಲಿ ನಿಮ್ಮ ಮಾಡೆಲ್, ವರ್ಷ, ಎಂಜಿನ್ ಮೂರೂ ಇರುವ ನಂಬರ್ ಹುಡುಕಿ ಅದನ್ನೇ ಕೇಳಿ. ಈ ದಾರಿಯಲ್ಲಿರುವ ಅಪಾಯ ತಯಾರಕರದ್ದಲ್ಲ, ಡೂಪ್ಲಿಕೇಟ್‌ನದ್ದು. ಹೆಸರಿರುವ ಮಾಲನ್ನೇ ನಕಲು ಮಾಡುವುದು. ಡಬ್ಬದ ಮೇಲೆ ಎಂಆರ್‌ಪಿ, ತಯಾರಾದ ತಿಂಗಳು ವರ್ಷ, ತಯಾರಕರ ವಿಳಾಸ ಇದೆಯಾ ನೋಡಿ. ಬಿಲ್ ಕೇಳಿ. "ಬಿಲ್ ಬೇಕಾದರೆ ರೇಟ್ ಬೇರೆ" ಅಂದರೆ ಪಕ್ಕದ ಅಂಗಡಿಗೆ ಹೋಗಿ. ಜೆ.ಸಿ. ರಸ್ತೆಯಲ್ಲಿ ಅಂಗಡಿಗಳಿಗೆ ಬರವಾ?

ಮೂರನೆಯದು ನೀವು ಹಾಕಿರುವುದು, ಅಂದರೆ ಥ್ರೆಡ್ ಹೊಂದಿದ ಯಾವುದೋ ಒಂದು. ಎಂ20, ಮುಕ್ಕಾಲು ಇಂಚು, ಹೀಗೆ ಕೆಲವೇ ಅಳತೆಯ ಥ್ರೆಡ್‌ಗಳನ್ನು ಹತ್ತಾರು ಕಂಪನಿಗಳು ಬಳಸುತ್ತವೆ. ಪೆಟ್ರೋಲ್ ಕಾರಿನ ಫಿಲ್ಟರ್ ಎಷ್ಟೋ ಸಲ ಡೀಸೆಲ್‌ಗೆ ಕೂರುತ್ತದೆ. ಡೀಸೆಲ್ ಎಂಜಿನ್‌ನ ಆಯಿಲ್‌ನಲ್ಲಿ ಕೊಳೆ ಜಾಸ್ತಿ, ಆಯಿಲ್ ಪ್ರಮಾಣವೂ ಸಾಮಾನ್ಯವಾಗಿ ಜಾಸ್ತಿ. ಹಾಗಾಗಿ ಅದರ ಫಿಲ್ಟರ್‌ನಲ್ಲಿ ಕಾಗದ ಹೆಚ್ಚು ತುಂಬಿರುತ್ತಾರೆ. ಪೆಟ್ರೋಲ್‌ದು ಅರ್ಧ ದಾರಿಯಲ್ಲೇ ಕಟ್ಟಿಕೊಂಡು ಬೈಪಾಸ್ ತೆರೆದುಕೊಂಡೇ ಓಡಬಹುದು. ಇನ್ನೂರು ಮುನ್ನೂರು ರೂಪಾಯಿ ಉಳಿಸಲು ಸಾವಿರಾರು ರೂಪಾಯಿಯ ಆಯಿಲನ್ನು ಸೋಸದೆ ಓಡಿಸಿದ ಹಾಗೆ.

ಇನ್ನು ಗಾಜಿನ ನಾರಿನ ಸಿಂಥೆಟಿಕ್ ಫಿಲ್ಟರ್‌ಗಳು. ಚೆನ್ನಾಗಿರುತ್ತವೆ. ದೂರ ದೂರ ಹೈವೇಯಲ್ಲಿ ಓಡಿ, ಆಯಿಲ್ ಬದಲಾವಣೆಯ ಅಂತರ ಜಾಸ್ತಿ ಇಟ್ಟುಕೊಂಡವರಿಗೆ ಲಾಭ. ನಿಮ್ಮ ಓಡಾಟಕ್ಕೆ ಬೇಕಿಲ್ಲ.

ಅಂತರ ಅಂದಾಗ ಬೆಂಗಳೂರಿನ ಲೆಕ್ಕ ಹೇಳಲೇಬೇಕು. ಮ್ಯಾನುಯಲ್‌ನಲ್ಲಿ 10,000 ಕಿ.ಮೀ. ಅಂತ ಇದೆ ಅಂದುಕೊಳ್ಳಿ. ಹೈವೇಯಲ್ಲಿ ಸರಾಸರಿ 60ರಲ್ಲಿ ಹೋದರೆ ಅಷ್ಟು ದೂರಕ್ಕೆ ಎಂಜಿನ್ ಓಡುವುದು ಸುಮಾರು 167 ಗಂಟೆ. ನಮ್ಮ ಟ್ರಾಫಿಕ್‌ನಲ್ಲಿ ಸರಾಸರಿ 15 ಬಂದರೆ 667 ಗಂಟೆ. ಮೀಟರ್ ಒಂದೇ ಅಂಕಿ ತೋರಿಸುತ್ತದೆ, ಎಂಜಿನ್ ನಾಲ್ಕು ಪಟ್ಟು ದುಡಿದಿರುತ್ತದೆ. ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ನಿಂತರೂ ಆಯಿಲ್‌ಗೆ ಮಸಿ ಸೇರುತ್ತಲೇ ಇರುತ್ತದೆ. ಎಷ್ಟೋ ಮ್ಯಾನುಯಲ್‌ಗಳ ಕೊನೇ ಪುಟಗಳಲ್ಲಿ ಕಠಿಣ ಬಳಕೆ ಅಂತ ಇನ್ನೊಂದು ಪಟ್ಟಿ ಇರುತ್ತದೆ, ನಿಂತು ನಿಂತು ಓಡುವ ಸಿಟಿ ಗಾಡಿಗಳಿಗೆ ಕಡಿಮೆ ಅಂತರ ಹಾಕಿರುತ್ತಾರೆ. ವಿಜಯನಗರದಿಂದ ವೈಟ್‌ಫೀಲ್ಡ್ ಅಂದರೆ ನಿಮಗೆ ಆ ಪಟ್ಟಿಯೇ. ಕಿ.ಮೀ. ತುಂಬದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ.

ಎರಡು ಸಲಕ್ಕೊಮ್ಮೆ ಫಿಲ್ಟರ್ ಅನ್ನುವ ಗೆಳೆಯರ ಮಾತು ಹಿಂದೆ ಕೆಲವು ಮ್ಯಾನುಯಲ್‌ಗಳಲ್ಲೇ ಇತ್ತು, ಆಯಿಲನ್ನು ತೀರಾ ಬೇಗ ಬೇಗ ಬದಲಾಯಿಸುತ್ತಿದ್ದ ಕಾಲದಲ್ಲಿ. ಈಗ ಆಯಿಲ್ ಇರುವ ಅಷ್ಟೂ ದೂರಕ್ಕೆ ಲೆಕ್ಕ ಹಾಕಿಯೇ ಫಿಲ್ಟರ್ ಮಾಡುತ್ತಾರೆ. ಜೊತೆಗೆ ಹಳೇ ಡಬ್ಬಿಯಲ್ಲಿ ಹಳೇ ಆಯಿಲ್ ತುಂಬಿಕೊಂಡಿರುತ್ತದೆ, ಅದು ನೇರ ಹೊಸದಕ್ಕೆ ಸೇರುತ್ತದೆ. ಪ್ರತಿ ಸಲ ಬದಲಾಯಿಸಿ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮೂರಿನ ಮೆಟ್ರೋ ಕೆಲಸ, ಅಗೆದ ರಸ್ತೆ, ಈ ಧೂಳೆಲ್ಲ ಆಯಿಲ್‌ಗೆ ಬರುವುದು ಏರ್ ಫಿಲ್ಟರ್ ದಾಟಿ. ಜನ ಆಯಿಲ್ ಫಿಲ್ಟರ್ ಬಗ್ಗೆ ಇಷ್ಟು ಚರ್ಚೆ ಮಾಡಿ, ಏರ್ ಫಿಲ್ಟರನ್ನು ಟೈರಿಗೆ ಬಡಿದು ವಾಪಸ್ ಹಾಕುತ್ತಾರೆ. ಬೇರಿಂಗ್ ತಿನ್ನುವುದು ಆ ಧೂಳಿನ ಕಣ. ಏರ್ ಫಿಲ್ಟರ್ ಹೊಸದು ಹಾಕಲು ಜಿಪುಣತನ ಬೇಡ. ಹಾಗೆಯೇ ಅಂಗಡಿಯಲ್ಲಿ "ಡೀಸೆಲ್ ಫಿಲ್ಟರ್" ಕೇಳಿದರೆ ಇಂಧನದ ಫಿಲ್ಟರ್ ಕೊಡುತ್ತಾರೆ, ಅದು ಬೇರೆ. ಅದನ್ನು ಬದಲಾಯಿಸಿದ ಮೇಲೆ ಲೈನ್‌ನಲ್ಲಿರುವ ಗಾಳಿ ತೆಗೆಯಬೇಕು. ಮೊದಲ ಸಲವೇ ಅದಕ್ಕೆ ಕೈ ಹಾಕಬೇಡಿ.

ಈಗ ನಿಮ್ಮ ಕೆಲಸ. ಒಳ್ಳೆಯ ಸುದ್ದಿ ಏನೆಂದರೆ, ಸೋರಿಕೆ ಡ್ರೈನ್ ಬೋಲ್ಟ್‌ನದ್ದಲ್ಲ ಅಂತಾದರೆ ಹೊಸ ಆಯಿಲ್ ಚೆಲ್ಲಬೇಕಿಲ್ಲ. ಫಿಲ್ಟರ್ ಮಾತ್ರ ಬಿಚ್ಚಿದರೆ ಡಬ್ಬಿಯಲ್ಲಿರುವುದು, ಸುತ್ತಮುತ್ತ ಇರುವುದು ಅಷ್ಟೇ ಹೊರಗೆ ಬರುತ್ತದೆ, ಚೇಂಬರ್‌ನಲ್ಲಿರುವುದು ಅಲ್ಲೇ ಇರುತ್ತದೆ. ಬಂದಷ್ಟನ್ನು ಅದೇ ಗ್ರೇಡ್ ಹೊಸ ಆಯಿಲ್‌ನಿಂದ ತುಂಬಿದರೆ ಆಯಿತು. ಫಿಲ್ಟರ್, ಬೋಲ್ಟ್ ಸೋರುತ್ತಿದ್ದರೆ ಬೇಕಾಗುವ ಡ್ರೈನ್ ವಾಷರ್, ಒಂದು ಲೀಟರ್ ಆಯಿಲ್, ಇಷ್ಟನ್ನು ಶನಿವಾರದೊಳಗೆ ತಂದಿಟ್ಟುಕೊಳ್ಳಿ. ಭಾನುವಾರ ಜೆ.ಸಿ. ರಸ್ತೆಯಲ್ಲಿ ಬಾಗಿಲು ಹಾಕಿರುವ ಅಂಗಡಿಗಳೇ ಜಾಸ್ತಿ. ಎಂಜಿನ್ ಬಿಚ್ಚಿಕೊಂಡು ವಾಷರ್ ಹುಡುಕಿ ಆಟೋ ಹತ್ತುವುದು ಬೇಡ.

ಎಂಜಿನ್ ಐದು ನಿಮಿಷ ಓಡಿಸಿ, ಆಯಿಲ್ ಬೆಚ್ಚಗಾಗಲಿ ಸಾಕು. ಓಡಿಸಿಕೊಂಡು ಬಂದ ಕೂಡಲೇ ಬಿಚ್ಚಿದರೆ ಕೈ ಸುಡುತ್ತದೆ, ಸೈಲೆನ್ಸರ್ ಪೈಪೂ ಅಲ್ಲೇ ಇರುತ್ತದೆ. ಎಸ್‌ಯುವಿ ಎತ್ತರ ಇರುವುದರಿಂದ ಜಾಕಿ ಇಲ್ಲದೆಯೇ ಕೈ ಎಟುಕಬಹುದು. ಎತ್ತಲೇಬೇಕಾದರೆ ಗಾಡಿಯನ್ನು ಹೊರುವ ಜಾಕ್ ಸ್ಟ್ಯಾಂಡ್ ಕೊಟ್ಟ ಮೇಲೆ ಮಾತ್ರ ಕೆಳಗೆ ಹೋಗಿ. ಗಾಡಿ ಜೊತೆ ಬರುವ ಜಾಕಿ ಟೈರ್ ಬದಲಾಯಿಸಲು ಇರುವುದು, ಅದನ್ನು ನಂಬಿ ಯಾರೂ ಕೆಳಗೆ ಮಲಗಬಾರದು. ಇಟ್ಟಿಗೆ, ಹಾಲೋ ಬ್ಲಾಕ್ ಕೂಡ ಬೇಡ, ಅವು ಸದ್ದಿಲ್ಲದೆ ಒಡೆಯುತ್ತವೆ. ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್ ನೆಲ ಎಷ್ಟೋ ಕಡೆ ಇಳಿಜಾರು, ಟೈರ್‌ಗೆ ಅಡ್ಡ ಕೊಡುವುದು ಮರೆಯಬೇಡಿ. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ. ಬಳಸಿದ ಆಯಿಲ್ ಪದೇ ಪದೇ ಚರ್ಮಕ್ಕೆ ತಾಗುವುದು ಒಳ್ಳೆಯದಲ್ಲ, ಅದರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳಿರುತ್ತವೆ.

ಹಳೇ ಫಿಲ್ಟರ್ ಕೈಗೆ ಬಂದ ಕೂಡಲೇ ತಿರುಗಿಸಿ ನೋಡಿ. ರಬ್ಬರ್ ರಿಂಗ್ ಅದರಲ್ಲೇ ಇದೆಯಾ? ಇಲ್ಲದಿದ್ದರೆ ಎಂಜಿನ್ ಮೇಲೆ ಇದೆ, ಉಗುರಿನಿಂದ ಕಿತ್ತು ತೆಗೆಯಿರಿ. ಎಂಜಿನ್ ಮುಖವನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ಗೀರು ಇದೆಯಾ ನೋಡಿ. ಹೊಸ ರಿಂಗ್‌ಗೆ ಹೊಸ ಆಯಿಲ್ ಸವರಿ, ಗ್ರೀಸ್ ಅಲ್ಲ. ಕೈಯಲ್ಲೇ ತಿರುಗಿಸಿ. ಮೊದಲ ಸುತ್ತುಗಳು ಬೆರಳ ತುದಿಯಲ್ಲಿ ಸಲೀಸಾಗಿ ಹೋಗಬೇಕು, ಬಿಗಿ ಅನ್ನಿಸಿದರೆ ಥ್ರೆಡ್ ಅಡ್ಡ ಹತ್ತಿದೆ, ಬಿಚ್ಚಿ ಮತ್ತೆ ಹಾಕಿ. ರಿಂಗ್ ತಾಗಿದಾಗ ಡಬ್ಬಿ ಮೇಲೊಂದು ಮಾರ್ಕ್ ಮಾಡಿ, ಅಲ್ಲಿಂದ ಮುಕ್ಕಾಲು ಸುತ್ತು. ಕಾಗದದ ಎಲಿಮೆಂಟ್ ಮತ್ತು ಪ್ಲಾಸ್ಟಿಕ್ ಮುಚ್ಚಳ ಇರುವ ಗಾಡಿಯವರು ಮಾತ್ರ ಮುಚ್ಚಳದ ಮೇಲೆ ಬರೆದಿರುವ ಟಾರ್ಕ್‌ಗೇ (ಬಿಗಿಯುವ ಬಲ) ನಿಲ್ಲಿಸಿ. ಹೆಚ್ಚಿನವುಗಳಲ್ಲಿ 25 ಎನ್‌ಎಂ (ನ್ಯೂಟನ್ ಮೀಟರ್) ಇರುತ್ತದೆ. ಓ-ರಿಂಗ್ ಹೊಸದೇ ಹಾಕಬೇಕು. ಆ ಮುಚ್ಚಳ ಸೀಳಿದರೆ ಸಿಗಲು ವಾರ ಕಾಯಬೇಕಾಗಬಹುದು.

ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಖಾಲಿ ಫಿಲ್ಟರ್ ತುಂಬುವವರೆಗೆ ಈ ಮೊದಲ ಸಲ ಲೈಟ್ ಆರಲು ಕೆಲವು ಸೆಕೆಂಡ್ ಹಿಡಿಯುತ್ತದೆ, ಅದು ಸಹಜ. ಹತ್ತು ಸೆಕೆಂಡ್ ದಾಟಿದರೆ ಆಫ್ ಮಾಡಿ. ಎರಡು ನಿಮಿಷ ಓಡಿಸಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಗೇಜ್ ನೋಡಿ ತುಂಬಿಸಿ. ಮೇಲಿನ ಗೆರೆ ದಾಟಿಸಬೇಡಿ.

ಆಯಿಲ್ ಗ್ರೇಡ್ ಮ್ಯಾನುಯಲ್‌ನಲ್ಲಿ ಇದ್ದದ್ದೇ ಇರಲಿ. ಸದ್ದು ಅಡಗಲಿ ಅಂತ ದಪ್ಪದ್ದು ಹಾಕುವುದು ನಮ್ಮಲ್ಲಿ ಹಳೇ ಚಾಳಿ. ತಪ್ಪು ಫಿಲ್ಟರ್‌ನ ಸದ್ದು ದಪ್ಪ ಆಯಿಲ್‌ನಿಂದ ಹೋಗುವುದಿಲ್ಲ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಇರುವ ಓದುಗರಿಗೆ ಇಲ್ಲಿ ಒಂದು ಎಚ್ಚರಿಕೆ. ನಿಮ್ಮ ಸೈಲೆನ್ಸರ್‌ನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದೆ. ಅದಕ್ಕೆ ಕಡಿಮೆ ಬೂದಿ ಬಿಡುವ, ಎಸಿಇಎ (ಯುರೋಪಿನ ಆಯಿಲ್ ಗುಣಮಟ್ಟ) ಸಿ2, ಸಿ3 ಥರದ, ಮ್ಯಾನುಯಲ್‌ನಲ್ಲಿ ಹೇಳಿರುವ ಆಯಿಲ್ಲೇ ಬೇಕು. ಡಿಪಿಎಫ್‌ನ ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಟ್ರಾಫಿಕ್‌ನಲ್ಲಿ ಆ ಕೆಲಸ ಅರ್ಧಕ್ಕೇ ನಿಂತರೆ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಗೇಜ್‌ನಲ್ಲಿ ಲೆವೆಲ್ ಏರಿದರೆ ಖುಷಿಪಡಬೇಡಿ, ಆಯಿಲ್ ಬದಲಾಯಿಸಿ.

ತೆಗೆದ ಫಿಲ್ಟರನ್ನು ಕುತೂಹಲಕ್ಕೆ ಕತ್ತರಿಸಿ ನೋಡಬಹುದು, ನಾನು ಪ್ರೋತ್ಸಾಹಿಸುತ್ತೇನೆ. ಹ್ಯಾಕ್ಸಾ ಬೇಡ, ಗರಗಸದ ಪುಡಿ ಒಳಗೆ ಬಿದ್ದು ಎಂಜಿನ್‌ನದ್ದೇನೋ ಅಂತ ಹೆದರಿಸುತ್ತದೆ. ತಗಡು ಕತ್ತರಿಸುವ ಕತ್ತರಿ ಬಳಸಿ. ಕಾಗದದ ಮಡಿಕೆ ಬಿಚ್ಚಿ, ಹಿಂಡಿ, ಬಿಸಿಲಿಗೆ ಹಿಡಿಯಿರಿ. ಕಪ್ಪು ಕಾರ್ಬನ್ ಚೂರು ಸಹಜ. ತಾಮ್ರದ ಬಣ್ಣದ ಹೊಳಪು ಕಂಡರೆ ಬೇರಿಂಗ್ ಸವೆಯುತ್ತಿರಬಹುದು. ಅಯಸ್ಕಾಂತಕ್ಕೆ ಅಂಟುವ ಚೂರಾದರೆ ಕಬ್ಬಿಣದ ಭಾಗದ್ದು. ಮಡಿಕೆಗಳು ಅಸಮ ಆಗಿವೆಯಾ, ಅಂಟು ಬಿಟ್ಟಿದೆಯಾ, ಆ ರಬ್ಬರ್ ಕೊಡೆ ಹೇಗಿದೆ ಅಂತಲೂ ನೋಡಿ. ಅಂಗಡಿಯವರು ಕೊಟ್ಟಿದ್ದು ಏನು ಅಂತ ತಿಳಿಯುತ್ತದೆ.

ಹಳೇ ಆಯಿಲ್ ಚರಂಡಿಗೆ ಸುರಿಯಬೇಡಿ. ವಿಜಯನಗರದ ಮೋರಿ ನೀರು ವೃಷಭಾವತಿಗೇ ಹೋಗುತ್ತದೆ. 2016ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ, ಕಸದ ಗಾಡಿಗೆ ಹಾಕುವಂತಿಲ್ಲ. ಸೆಂಟ್ರಿಂಗ್ ಹಲಗೆಗೆ ಹಚ್ಚಲು ಕೇಳಿಕೊಂಡು ಬರುವವರಿಗೂ ಕೊಡಬೇಡಿ. ಆಯಿಲ್ ಬಂದಿದ್ದ ಕ್ಯಾನ್‌ಗೇ ತುಂಬಿ, ಫಿಲ್ಟರ್ ಒಂದು ರಾತ್ರಿ ಬೋರಲು ಹಾಕಿ ಬಸಿದು, ಅಧಿಕೃತ ಮರುಬಳಕೆದಾರರಿಗೆ ಕೊಡುವ ಸರ್ವಿಸ್ ಸೆಂಟರ್‌ಗೆ ಒಪ್ಪಿಸಿ. ನೀರು, ಸೀಮೆಎಣ್ಣೆ ಬೆರೆಸದಿದ್ದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.

ಮನೆಯಲ್ಲಿ ಮಾಡೋದು ಬಿಡಲಾ ಅಂತ ಕೇಳಿದಿರಿ. ಬಿಡಬೇಡಿ. ನಿಮ್ಮ ಹಿಂದೆ ಕ್ಯೂ ಇರುವುದಿಲ್ಲ, ರಿಂಗ್ ಒರೆಸಲು ಹತ್ತು ನಿಮಿಷ ಜಾಸ್ತಿ ತಗೊಂಡರೆ ಯಾರೂ ಬೈಯುವುದಿಲ್ಲ. ಜಾಗ ಇಲ್ಲ, ಅಸೋಸಿಯೇಷನ್ ಒಪ್ಪುವುದಿಲ್ಲ ಅಂದರೆ ಸರಿಯಾದ ಫಿಲ್ಟರ್, ಆಯಿಲ್ ನೀವೇ ತಂದು ಗೊತ್ತಿರುವ ಗ್ಯಾರೇಜ್‌ನಲ್ಲಿ ಎದುರಿಗೆ ನಿಂತು ಹಾಕಿಸಿ. ವಾರಂಟಿ ಇನ್ನೂ ಇರುವ ಗಾಡಿಗೆ ಮಾತ್ರ ಎರಡೂ ಬೇಡ.

ಸರಿಯಾದ ಫಿಲ್ಟರ್ ಹಾಕಿ ಎರಡು ಮೂರು ಬೆಳಗ್ಗೆ ನೋಡಿ. ಸದ್ದು ಹೋದರೆ ಸರಿ. ಹೋಗದಿದ್ದರೆ, ಅಥವಾ ಎಂಜಿನ್ ಬಿಸಿ ಇದ್ದಾಗಲೂ ಬಂದರೆ, ಚೈನ್ ಟೆನ್ಷನರ್, ವಾಲ್ವ್ ಲಿಫ್ಟರ್, ಇಂಜೆಕ್ಟರ್, ಸವೆದ ಆಯಿಲ್ ಪಂಪ್, ಯಾವುದೂ ಆಗಬಹುದು. ಆಗ ಊಹೆ ಬೇಡ. ಆಯಿಲ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಕೂರಿಸಿ ಪ್ರೆಶರ್ ಅಳೆಯಲು ಹೇಳಿ, ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ. ಡ್ಯಾಶ್‌ಬೋರ್ಡ್ ಲೈಟ್ ನಂಬಿ ಕೂರಬೇಡಿ. ಬಹುತೇಕ ಗಾಡಿಗಳಲ್ಲಿ ಪ್ರೆಶರ್ ಸುಮಾರು ಅರ್ಧ ಬಾರ್‌ಗೆ ಇಳಿದ ಮೇಲೆಯೇ ಅದು ಹತ್ತುವುದು. ಓಡುತ್ತಿರುವಾಗ ಹತ್ತಿದರೆ ಮುಂದಿನ ಗ್ಯಾರೇಜ್‌ವರೆಗೆ ಅಂತ ಯೋಚಿಸದೆ ಪಕ್ಕಕ್ಕೆ ಹಾಕಿ ಆಫ್ ಮಾಡಿ. ಅಳೆದ ಅಂಕಿ ಬಂದ ಮೇಲೆ ನನಗೆ ಬರೆಯಿರಿ. ಅಲ್ಲಿಯವರೆಗೆ ಘಾಟಿ ಹತ್ತುವ ಪ್ರಯಾಣ ಮುಂದಕ್ಕೆ ಹಾಕಿ.